ಕೆಲಸ ಮುಗಿದರೂ ಕಾರ್ಡು ಮುಗಿಯದು



ನಾವು ಆಲಮಟ್ಟಿ ಸುತ್ತಿನ ಶಾಲೆಗಳಲ್ಲಿ ಬಿಸಿಯೂಟ ಮಾಡುವವರು. 2002ರಲ್ಲಿ ನಮ್ಮ ಜಿಲ್ಲೆಯಲ್ಲಿ ಅಕ್ಷರ ದಾಸೋಹ ಶುರುವಾಯಿತು. ನಮ್ಮಲ್ಲಿ ಕೆಲವರು ಅಂದಿನಿಂದಲೂ ಒಲೆ ಮುಂದೆ ಇದ್ದೇವೆ. ಈಗ ಸೊಂಟ ನೋವು, ಬಿ.ಪಿ. "ಅರವತ್ತಾದ ಮ್ಯಾಲೆ ಕೆಲಸ ಇಲ್ಲ. ಬ್ಯಾನಿ ಬಂದ್ರ ಹೆಂಗ?" ಅಂತ ರಾತ್ರಿ ನಿದ್ದಿ ಬರೂದಿಲ್ಲ.

ಒಂದು ಮಾತು ಕೇಳ್ರಿ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ರೇಷನ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಪುಕ್ಕಟೆ. ಇದು ಕೆಲಸ ನೋಡಿ ಕೊಟ್ಟದ್ದಲ್ಲ, ಮನೆ ನೋಡಿ ಕೊಟ್ಟದ್ದು. ಕೆಲಸ ಬಿಟ್ಟರೂ ನಡೆಯುತ್ತದೆ.

ಬ್ಯಾನಿ ಬರೋ ಮೊದಲೇ ಕಾರ್ಡು ಮಾಡಿಸೋಣ. ಆಧಾರ್, ರೇಷನ್ ಕಾರ್ಡು ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ? ಈಗ ನಾವೇ ಓದಿ ನೋಡಬಲ್ಲೆವು.

ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಡಾಕ್ಟರು ಚೀಟಿ ಬರೆದು ಬೇರೆ ಆಸ್ಪತ್ರೆಗೆ ಕಳಿಸುತ್ತಾರೆ. ಜೀವಕ್ಕೆ ಅಪಾಯವಿದ್ದಾಗ ಚೀಟಿ ಬೇಕಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರ ಹೋಗಬಹುದು.

ಮನಸ್ಸು ಭಾರವಾದರೆ 14416ಕ್ಕೆ ಫೋನ್ ಮಾಡೋಣ. ರೊಕ್ಕ ಬೇಡ. ಹಗಲು-ರಾತ್ರಿ ಕನ್ನಡದಾಗೇ ಮಾತಾಡ್ತಾರ. ಚಿಂತಿ ನುಂಗಬ್ಯಾಡ್ರಿ, ಹೇಳ್ಕೊಳ್ರಿ.