ಪರೀಕ್ಷಾರ್ಥಿಗಳೂ ಮನೆಪಾಠವೂ



ಹತ್ತನೆಯ ತರಗತಿಯ ಪರೀಕ್ಷೆಯು ಸಮೀಪಿಸಿತೆಂದರೆ ಪ್ರಸಾದನಿಲಯದಲ್ಲಿ ನಡುರಾತ್ರಿಯವರೆಗೂ ದೀಪವುರಿಯುವುದು. ಹುಡುಗನು ಒಂದೇ ಪುಟವನ್ನು ಹತ್ತಾವರ್ತಿ ಓದುವನು. ಎಲ್ಲವೂ ಬಂದಿತೆಂದು ನಂಬುವನು. ಪ್ರಶ್ನಪತ್ರಿಕೆಯ ಮುಂದೆ ಕುಳಿತಾಗ ಒಂದು ವಾಕ್ಯವೂ ಹೊಳೆಯದು. ಊರಿನಲ್ಲಿ ತಂದೆಯು ಸಾಲಮಾಡಿ ಓದಿಸುತ್ತಿರುವನೆಂಬ ಭಯವು ಬೇರೆ. ಇಲ್ಲಿ ದೋಷವಿರುವುದು ಓದುವ ಕ್ರಮದಲ್ಲಿ.

ಪೂರ್ವದ ಪಾಠಶಾಲೆಗಳಲ್ಲಿ ಪಾಠವಾದ ಮೇಲೆ ಗ್ರಂಥವನ್ನು ಕಟ್ಟಿಟ್ಟು, ಸಹಪಾಠಿಗಳು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು; ಅದನ್ನು ಚಿಂತನೆ ಎನ್ನುತ್ತಿದ್ದರು. ಅಮೆರಿಕದ ರೋಡಿಗರ್, ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಪದ್ಧತಿಗೆ ಪುಷ್ಟಿಯನ್ನೇ ಕೊಡುವುದು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದಾಗ ಪುನಃ ಪುನಃ ಓದಿದವರೇ ಮುಂದಿದ್ದರು. ಒಂದು ವಾರದ ತರುವಾಯವಾದರೋ, ಓದಿದುದನ್ನು ನೋಡದೆ ನೆನಪಿನಿಂದ ಬರೆದಿದ್ದವರು ಅವರನ್ನು ಹಿಂದೆ ಹಾಕಿದರು. ಆ ಐದು ನಿಮಿಷದ ಗೆಲುವೇ ಹುಡುಗರನ್ನು ಮೋಸಗೊಳಿಸುವುದು.

ಮನೆಪಾಠ ಹೇಳುವವರಿಗೂ ಒಂದು ಮಾತು. ಲೆಕ್ಕವನ್ನು ಹಲಗೆಯ ಮೇಲೆ ತಾವೇ ಬಿಡಿಸಿ ತೋರಿಸುವುದು ಸುಲಭ. ಹುಡುಗನು ತಲೆದೂಗುವನು, ಕಲಿಯನು. ವರ್ಗಸಮೀಕರಣವನ್ನು ಅವನ ಕೈಯಿಂದಲೇ ಮಾಡಿಸಿ, ತಪ್ಪಿದ ಹಂತದಲ್ಲಿ ಮಾತ್ರ ತಡೆದು ಕೇಳಬೇಕು. ಮರುದಿನ ಅದೇ ಲೆಕ್ಕವನ್ನೂ, ವಾರ ಕಳೆದು ಅದೇ ಜಾತಿಯ ಬೇರೊಂದನ್ನೂ ಕೊಡಬೇಕು. ನಿದ್ದೆಗೆಡಿಸಿ ಓದಿಸುವುದಂತೂ ಬೇಡವೇ ಬೇಡ. ಇಷ್ಟಾದರೂ ಅನುತ್ತೀರ್ಣನಾಗಿ ಅಳುತ್ತ ಕುಳಿತ ಬಾಲಕನಿಗೆ, ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಲು ಅವಕಾಶವಿರುವುದನ್ನು ಫಲಿತಾಂಶದ ದಿನವೇ, ಅವನ ತಾಯಿಯ ಎದುರಿನಲ್ಲಿಯೇ ತಿಳಿಸಬೇಕು.