ಬೆಂಗಳೂರಿನ ಇರುಳು

ಒಂದು ನಗರದ ಹಗಲನ್ನು ಅಳೆಯುವುದಕ್ಕೆ ಬೇಕಾದಷ್ಟು ಮಾನದಂಡಗಳುಂಟು. ಶಾಲೆಗಳೆಷ್ಟು, ಆಸ್ಪತ್ರೆಗಳೆಷ್ಟು, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುವುದು ಎಂದು ವಿಚಾರಿಸಿದರೆ ತಕ್ಕಮಟ್ಟಿಗೆ ಅದರ ಯೋಗ್ಯತೆ ತಿಳಿಯುವುದು. ಇರುಳನ್ನು ಅಳೆಯಹೊರಟವರ ಕೈಗೆ ಸಿಕ್ಕುವುದು ಮಾತ್ರ ಒಂದೇ ಕೋಲು: ಅಲ್ಲಿ ಬಾಗಿಲುಗಳನ್ನು ಎಷ್ಟು ಹೊತ್ತಿಗೆ ಮುಚ್ಚುವರು? ತಡವಾಗಿ ಮುಚ್ಚಿದರೆ ಅದು ಜೀವಕಳೆಯುಳ್ಳ ನಗರವೆಂದು ಒಂದು ಪಕ್ಷ. ಬೇಗನೆ ಮುಚ್ಚಿದರೆ ಮರ್ಯಾದಸ್ಥರ ನಗರವೆಂದು ಇನ್ನೊಂದು ಪಕ್ಷ. ಎರಡು ಪಕ್ಷದವರ ದೃಷ್ಟಿಯೂ ಗಡಿಯಾರದಲ್ಲಿಯೇ ನೆಟ್ಟಿರುವುದರಿಂದ ಬೀದಿಯಲ್ಲಿ ನಡೆದುಹೋಗುವವರು ಅವರಿಗೆ ಕಾಣುತ್ತಿಲ್ಲವೆಂದು ನಮಗೆ ತೋರುತ್ತದೆ. ಬೆಂಗಳೂರನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ಶ್ರೋತೃಗಳೊಡನೆ ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ.

ಇರುಳಿನ ವಿನೋದವು ಪರದೇಶದಿಂದ ಬಂದ ಹೊಸ ಚಾಳಿಯೆಂದು ಕೆಲವರು ಹಳಿಯುವುದುಂಟು. ಹಾಗೆ ಹಳಿಯುವವರು ನಮ್ಮ ಕಾವ್ಯಗಳನ್ನು ಓದಿಲ್ಲವೆಂದೇ ಹೇಳಬೇಕು. ಮಹಾಕಾವ್ಯಕ್ಕೆ ಲಾಕ್ಷಣಿಕರು ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ನಗರವೂ ಉಂಟು, ಚಂದ್ರೋದಯವೂ ಉಂಟು, ಮಧುಪಾನವೂ ಉಂಟು. ಅಭಿಸಾರಿಕೆಯನ್ನು ಕಗ್ಗತ್ತಲೆಯಲ್ಲಿ ಹೊರಡಿಸಿದ ಕವಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಆಕೆ ಮನೆಗೆ ಹಿಂದಿರುಗಿದ ಬಗೆಯೇನೆಂದು ವಿಚಾರಿಸಿದ ಕವಿಗಳು ಬಹಳ ವಿರಳ. ನಗರದ ಇರುಳನ್ನು ಪರೀಕ್ಷಿಸುವವನು ಮೊದಲು ಕೇಳಬೇಕಾದುದು ಈ ಪ್ರಶ್ನೆಯನ್ನೇ ಎಂಬುದು ನಮ್ಮ ಅಭಿಪ್ರಾಯ.

ದೀಪವಿದ್ದರೆ ಸಾಲದೆ, ಎನ್ನಬಹುದು. ದೀಪವು ಬಹು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಪ್ಯಾರಿಸ್ ನಗರದಲ್ಲಿ ಪೋಲೀಸಿನ ಮುಖ್ಯಾಧಿಕಾರಿಯನ್ನು ನೇಮಿಸಿದುದೂ ಬೀದಿಗಳಿಗೆ ಲಾಂದ್ರಗಳನ್ನು ತೂಗಹಾಕಿಸಿದುದೂ 1667ನೆಯ ಒಂದೇ ಇಸವಿಯಲ್ಲಿ. ನಮ್ಮ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪವು ಮೊದಲು ಬೆಳಗಿದುದು 1905ನೆಯ ಇಸವಿ ಆಗಸ್ಟ್ 5ರಂದು. 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿದ್ದ ಶಿವನಸಮುದ್ರದ ವಿದ್ಯುಚ್ಛಕ್ತಿಯಲ್ಲಿ ಒಂದು ಪಾಲು ಅಂದು ಊರಿನ ಕತ್ತಲೆಯನ್ನು ಓಡಿಸುವುದಕ್ಕೆ ಬಂದಿತು. ಆದರೆ ದೀಪವು ತಾನಾಗಿ ಯಾರನ್ನೂ ಕಾಯಲಾರದು. 2016ನೆಯ ಇಸವಿಯ ಡಿಸೆಂಬರ್ 31ರ ರಾತ್ರಿ ಮಹಾತ್ಮಾಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ದೀಪಕ್ಕೆ ಕೊರತೆಯಿರಲಿಲ್ಲ. ಪೋಲೀಸರೂ ದಂಡುದಂಡಾಗಿ ನಿಂತಿದ್ದರು. ಹೊಸ ವರ್ಷವನ್ನು ಎದುರುಗೊಳ್ಳಲು ಬಂದ ಹೆಣ್ಣುಮಕ್ಕಳು ಆ ಜನಜಂಗುಳಿಯಲ್ಲಿ ಪಟ್ಟ ಅವಮಾನವನ್ನು ಮುಂದಿನ ದಿನಗಳಲ್ಲಿ ದೇಶವೆಲ್ಲ ಓದಿತು.

ಅದೇ ನಗರದಲ್ಲಿ ಇನ್ನೊಂದು ಇರುಳುಂಟು. ಚೈತ್ರದ ಹುಣ್ಣಿಮೆಯಂದು ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ ಕರಗವು ಹೊರಡುವುದು ನಡುರಾತ್ರಿ ಕಳೆದ ಮೇಲೆ. ತಲೆಯ ಮೇಲೆ ಮಲ್ಲಿಗೆಯ ಗೋಪುರ, ಸುತ್ತಲೂ ಹಿರಿದ ಕತ್ತಿಗಳ ವೀರಕುಮಾರರು. ಹೆಂಗಸಿನ ಉಡುಗೆಯುಟ್ಟ ಪೂಜಾರಿಯು ಹಳೆಯ ಪೇಟೆಗಳ ಬೀದಿಗಳನ್ನು ಹಾದು, ತವಕ್ಕಲ್ ಮಸ್ತಾನರ ದರ್ಗಾಕ್ಕೂ ಭೇಟಿಕೊಟ್ಟು, ಬೆಳಗಾಗುವ ಹೊತ್ತಿಗೆ ಗುಡಿಗೆ ಹಿಂದಿರುಗುತ್ತಾನೆ. ಅಲ್ಲಿಯ ಗುಂಪೂ ಸಣ್ಣದಲ್ಲ. ಅಲ್ಲಿಯೂ ನೂಕುನುಗ್ಗಲುಂಟು, ಜೇಬುಗಳ್ಳರಿಗೂ ಅದು ಸುಗ್ಗಿಯೇ. ಆದರೆ ಆ ಬೀದಿಗಳಲ್ಲಿ ಜನ ವಾಸವಾಗಿದ್ದಾರೆ. ಕೆಳಗೆ ಅಂಗಡಿ, ಮೇಲೆ ಸಂಸಾರ. ಜಗುಲಿಯ ಮೇಲೆ ಅಜ್ಜಿಯರು, ಮಹಡಿಯ ಮೇಲೆ ಸೊಸೆಯರು, ಬಾಗಿಲಲ್ಲಿ ಮಜ್ಜಿಗೆ ಪಾನಕಗಳನ್ನು ಹಂಚುವ ಗೃಹಸ್ಥರು. ನಗರಗಳ ವಿಷಯದಲ್ಲಿ ಜೇನ್ ಜೇಕಬ್ಸ್ ಎಂಬ ಅಮೆರಿಕದ ವಿದುಷಿಯು 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೀದಿಯನ್ನು ಕಾಯುವುದು ಬೀದಿಯ ಮೇಲಿರುವ ನಿವಾಸಿಗಳ ಕಣ್ಣುಗಳೇ ಎಂಬ ವಾದವನ್ನು ವಿಸ್ತಾರವಾಗಿ ಮಂಡಿಸಿದ್ದಾರೆ. ಕರಗವನ್ನು ಕಂಡವರಿಗೆ ಆ ವಾದವು ಹೊಸದೆನಿಸದು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಅದನ್ನು ನಾವು ಬಹಳ ಮುಖ್ಯವೆಂದೆಣಿಸುತ್ತೇವೆ. ಕರಗವು ಮುಗಿಯುವುದು ಬೆಳಗಾಗುವಾಗ. ಹಳ್ಳಿಯ ಬಯಲಾಟವೂ ಮಂಗಳವನ್ನು ಕಾಣುತ್ತಿದ್ದುದು ಕೋಳಿ ಕೂಗಿದ ಮೇಲೆಯೇ. ಶಿವರಾತ್ರಿಯ ಜಾಗರಣೆಯೂ ಹಾಗೆಯೇ. ಇದನ್ನು ಭಕ್ತಿಯೆಂದೋ ವ್ಯವಧಾನವೆಂದೋ ವ್ಯಾಖ್ಯಾನಮಾಡುವವರುಂಟು; ಅದರಲ್ಲಿ ಬಹು ಲೌಕಿಕವಾದ ಒಂದು ಅನುಕೂಲವೂ ಅಡಗಿದೆ. ಮೂರು ಹರಿದಾರಿ ನಡೆದುಬಂದ ಹೆಂಗಸು ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬೆಳಕಿನಲ್ಲಿ ಊರಿಗೆ ಹಿಂದಿರುಗಬಹುದು. ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಕೆಲವು ಈಚೆಗೆ ಆಟವನ್ನು ನಡುರಾತ್ರಿಗೆ ಮುಗಿಸುವ ಕಾಲಮಿತಿಯನ್ನು ಅನುಸರಿಸುತ್ತಿವೆ. ನೋಡುವವರಲ್ಲಿ ಬಹುಮಂದಿ ಸ್ವಂತ ವಾಹನದಲ್ಲಿ ಬರುವ ಕಾಲದಲ್ಲಿ ಇದು ಸಾಗೀತು.

ಈಗ ಬೆಂಗಳೂರಿನ ಬಾಗಿಲುಗಳ ಲೆಕ್ಕಕ್ಕೆ ಬರೋಣ. ಬಹುಕಾಲ ಪಾನಗೃಹಗಳನ್ನು ರಾತ್ರಿ 11-30ಕ್ಕೆ ಮುಚ್ಚಬೇಕೆಂಬ ಕಟ್ಟುಪಾಡಿತ್ತು. 2014ರಲ್ಲಿ ವಾರದ ಕೊನೆಯ ರಾತ್ರಿಗಳಿಗೆ ಮಾತ್ರ ಪರೀಕ್ಷಾರ್ಥವಾಗಿ ಅದನ್ನು 1 ಗಂಟೆಯವರೆಗೆ ಸಡಿಲಿಸಿದರು. ಮುಂದೆ ಉಳಿದ ರಾತ್ರಿಗಳಿಗೂ ಅದು ವಿಸ್ತರಿಸಿತು. ಮಾಲೀಕರು ಹಿಗ್ಗಿದರು, ನೆರೆಮನೆಯವರು ನಿದ್ರೆ ಕೆಟ್ಟಿತೆಂದು ದೂರಿದರು; ಎರಡೂ ನ್ಯಾಯವೇ. ಆದರೆ ಒಂದು ಗಂಟೆಯೆಂಬುದು ಎಂತಹ ಹೊತ್ತು! ಬೆಳಗಿಗೆ ಬಹಳ ದೂರ. ಕೊನೆಯ ಬಸ್ಸಿಗೂ ಬಹಳ ದೂರ. 2011ರಲ್ಲಿ ಓಡಲಾರಂಭಿಸಿದ ಮೆಟ್ರೋ ರೈಲು ಸಾಮಾನ್ಯ ದಿನಗಳಲ್ಲಿ ಹನ್ನೊಂದರ ಆಸುಪಾಸಿನಲ್ಲಿ ಕೊನೆಯ ಗಾಡಿಯನ್ನು ಹೊರಡಿಸುವುದು. ಮೋಟಾರು ಉಳ್ಳವರಿಗೆ ಇದರಿಂದ ತೊಂದರೆಯಿಲ್ಲ. ಕುಡಿದವನು ತಾನೇ ಮೋಟಾರು ನಡೆಸಿದರೆ ಆಗುವ ತೊಂದರೆ ಬೇರೆ. ಆದರೆ ಅವರ ತಟ್ಟೆಯನ್ನು ತೊಳೆದವನು, ಮೇಜನ್ನು ಒರೆಸಿದವಳು? ಅವರ ಕೆಲಸ ಮುಗಿಯುವುದು ಬಾಗಿಲು ಮುಚ್ಚಿದ ಮೇಲೆ. ಲಂಡನ್ನಿನವರು 2016ರಲ್ಲಿ ನೆಲದಡಿಯ ರೈಲಿನ ಕೆಲವು ಮಾರ್ಗಗಳನ್ನು ಶುಕ್ರವಾರ ಶನಿವಾರಗಳ ರಾತ್ರಿ ಬೆಳಗಿನವರೆಗೂ ಓಡಿಸತೊಡಗಿದರು. ಅವರ ಇತರ ಅನುಕರಣೆಗಳಿಗಿಂತ ಇದನ್ನು ನಾವು ಮೊದಲು ಮಾಡಬಹುದಾಗಿತ್ತು.

ಈ ನಗರದಲ್ಲಿ ಇರುಳೆಂದರೆ ವಿನೋದವೊಂದೇ ಅಲ್ಲವೆಂಬುದೂ ನೆನಪಿನಲ್ಲಿರಬೇಕು. ಅಮೆರಿಕದ ಹಗಲು ನಮ್ಮ ಇರುಳಾದುದರಿಂದ ಸಹಸ್ರಾರು ತರುಣ ತರುಣಿಯರು ಇಲ್ಲಿ ಕತ್ತಲಾದ ಮೇಲೆ ಕಚೇರಿಗೆ ಹೊರಡುತ್ತಾರೆ. 1961ರ ಅಂಗಡಿಗಳ ಕಾಯಿದೆಯು ಹೆಂಗಸರನ್ನು ರಾತ್ರಿಯ ಕೆಲಸಕ್ಕೆ ಇಟ್ಟುಕೊಳ್ಳಕೂಡದೆಂದು ವಿಧಿಸಿತ್ತು. ಹೊಸ ಉದ್ಯಮಗಳಿಗೆ ಷರತ್ತುಗಳೊಡನೆ ವಿನಾಯಿತಿ ದೊರೆಯಿತು. 2005ರ ಡಿಸೆಂಬರಿನಲ್ಲಿ, ಹಾಗೆ ರಾತ್ರಿಯ ಪಾಳಿಗೆ ಹೊರಟ ಹೆಣ್ಣುಮಗಳೊಬ್ಬಳು ಕಚೇರಿಯ ಗಾಡಿಯೆಂದು ನಂಬಿ ಹತ್ತಿದ ಗಾಡಿಯ ಚಾಲಕನಿಂದಲೇ ಹತಳಾದಳು. ಹೆಂಗಸರನ್ನು ರಾತ್ರಿ ಕರೆತರುವ, ಮನೆಗೆ ಮುಟ್ಟಿಸುವ ಗಾಡಿಗಳ ವಿಷಯದಲ್ಲಿ ಕಟ್ಟುನಿಟ್ಟು ಹೆಚ್ಚಿದುದು ಆಮೇಲೆ. ದಾರಿಯ ವಿಚಾರ ನಮ್ಮಲ್ಲಿ ಯಾವಾಗಲೂ ಹೀಗೆ ಹಿಂದಿನಿಂದ ಬರುವುದು. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಬಹು ಒಳ್ಳೆಯ ಏರ್ಪಾಡು. ಆದರೆ ಬಾರದ ಬಸ್ಸಿನಲ್ಲಿ ಬಿಟ್ಟಿ ಪ್ರಯಾಣ ಮಾಡುವುದು ಯಾರಿಗೂ ಸಾಧ್ಯವಿಲ್ಲ.

ಇಷ್ಟು ಹೇಳಿದಮೇಲೆ, ಪಾನಗೃಹಕ್ಕೆ ಎಂದೂ ಕಾಲಿಡದ ಶ್ರೋತೃಗಳು ಇದು ತಮ್ಮ ಸಂಗತಿಯಲ್ಲವೆಂದು ಭಾವಿಸಬಹುದು. ಅಂಥವರು ಶ್ರೀರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಗೆ ಹೋಗಿ ನೋಡಲಿ. ಅಲ್ಲಿ ರಾಮಸೇವಾ ಮಂಡಳಿಯವರ ಸಂಗೀತೋತ್ಸವವು 1939ರಿಂದ ನಡೆದುಬಂದಿದೆ. ವಿದ್ವಾಂಸರು ರಾಗವನ್ನು ವಿಸ್ತರಿಸಿ ಕೃತಿಯನ್ನು ಮುಗಿಸಿ ಮೃದಂಗದವರಿಗೆ ತನಿ ಆವರ್ತನವನ್ನು ಬಿಟ್ಟುಕೊಟ್ಟೊಡನೆಯೇ ಸಭೆಯಲ್ಲೊಂದು ಸಂಚಲನ ಕಾಣುವುದು. ಒಬ್ಬೊಬ್ಬರಾಗಿ ಕೈಗಡಿಯಾರವನ್ನು ನೋಡಿಕೊಳ್ಳುವರು. ಚೀಲವನ್ನು ಹೆಗಲಿಗೇರಿಸಿ, ಮುಂದಿನವರ ಕಾಲು ತುಳಿಯದಂತೆ ಬಾಗಿ ಸರಿದುಕೊಂಡು ಹೊರಡುವರು. ಇದನ್ನು ರಸಿಕತೆಯ ಅಭಾವವೆಂದು ವಿಮರ್ಶಕರು ಬರೆಯುವುದುಂಟು. ಯಲಹಂಕಕ್ಕೋ ಕೆಂಗೇರಿಗೋ ಹೋಗಬೇಕಾದ ಮುದುಕರವರು. ಅವರು ಬಿಟ್ಟುಹೋದ ಕುರ್ಚಿಗಳಿಗೆ ಆ ಮೇಲಿನ ದೇವರನಾಮವನ್ನೂ ಮಂಗಳವನ್ನೂ ಹಾಡಬೇಕಾಗುತ್ತದೆ.