ಬ್ಯಾಗ್ ಹೊರೋರು ಯಾರು?

ನಾನು ಮೈಸೂರಿನವಳು. ಪಲ್ಲಾವರಂಗೆ ಬಂದು 9 ವರ್ಷ ಆಯ್ತು. ಆಫೀಸಿನವರ ಜೊತೆ ನಂದನಂಗೆ ಹೋಗಿ ಗಾಲ್ಫ್ ಕಲಿಯೋಕೆ ಶುರು ಮಾಡಿದೆ, 8 ತಿಂಗಳಿಗೆ ಬಿಟ್ಟೆ.

ಆಟ ಬರಲಿಲ್ಲ ಅಂತಲ್ಲ. 18 ಹೋಲ್ ಮುಗಿಸೋಕೆ ನಾಲ್ಕು ಗಂಟೆ ಮೇಲೇ ಬೇಕು. ಭಾನುವಾರ ಅಷ್ಟು ಹೊತ್ತು ಮನೆ ಬಿಟ್ಟರೆ, "ಮಗು ಯಾರ ಹತ್ರ ಇದೆ?" ಅಂತ ಎಲ್ಲರೂ ಕೇಳೋರೇ. ಕ್ರಿಕೆಟ್‌ಗೆ ಹೋಗುವ ನನ್ನ ಗಂಡನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನೆನಪಿದ್ದಾರಲ್ಲ? 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಒಂದೇ ಹೊಡೆತದಲ್ಲಿ ಪದಕ ತಪ್ಪಿತು. ಅವರ ಬ್ಯಾಗ್ ಹೊತ್ತಿದ್ದು 2016ರ ರಿಯೋದಲ್ಲಿ ಅಪ್ಪ, ಟೋಕಿಯೋದಲ್ಲಿ ಅಮ್ಮ.

ಪ್ರತಿಭೆ ಅವರದೇ. ಆದರೆ ಆಟದಲ್ಲಿ ಉಳಿಯೋಕೆ ಮನೆಯವರ ಹೆಗಲೂ ಬೇಕು. ಗಾಲ್ಫ್ ಸೆಟ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತೆ. ಆ ನಾಲ್ಕು ಗಂಟೆ ಮನೆಯಲ್ಲೇ ಸಿಗಬೇಕು.

ಹೋದ ತಿಂಗಳು ಗಂಡನನ್ನ ನೇರವಾಗಿ ಕೇಳಿಬಿಟ್ಟೆ. ಈಗ ಒಂದು ಭಾನುವಾರ ಅವರದು, ಒಂದು ನನ್ನದು. ಸದ್ಯಕ್ಕೆ 9 ಹೋಲ್ ಅಷ್ಟೇ. ಮನೆಗೆ ಬಂದರೆ ಮಗಳು ಕೇಳೋದು ಒಂದೇ: "ಅಮ್ಮಾ, ಇವತ್ತು ಎಷ್ಟು ಬಾಲ್ ಕಳೆದುಕೊಂಡೆ?"

ನಿಮ್ಮ ಮನೆಯಲ್ಲೂ ಯಾರೋ ಬಿಟ್ಟ ಆಟ ಒಂದಿರಬಹುದು. ಕೇಳಿ ನೋಡಿ.